ರನ್‌ವೇ ಕೊನೆಯಲ್ಲೊಂದು ಬೆಂಚು

ಅಲಮೇಲು ಆಂಟಿ,

ನೀವು ನನಗೆ ಡ್ರೈವಿಂಗ್ ಕಲಿಸಿದ ಡಲ್ಲಾಸ್‌ನ ಆ ಹಳೆಯ ಮಿಲಿಟರಿ ರನ್‌ವೇ ಈಗ ಕೆರೆದಂಡೆಯ ಬಡಾವಣೆಯಾಗಲಿದೆ. ಮನೆ, ಅಂಗಡಿ, ಪಾರ್ಕು ಎಲ್ಲ ಬರುತ್ತವಂತೆ. ಇವತ್ತು ಸಭೆ ಕರೆದು, ಯಾರಿಗೆ ಏನು ಬೇಕೋ ನಕ್ಷೆಯ ಮೇಲೆ ಸ್ಟಿಕರ್ ಅಂಟಿಸಿ ಎಂದರು. ರನ್‌ವೇ ಮುಗಿದು ನೀರು ಶುರುವಾಗುವ ಕಡೆ ನಾನೊಂದು ಬೆಂಚು ಕೇಳಿದೆ.

"ಹೆದರ್ಬೇಡ ಕಣಮ್ಮ, ಕೆರೆ ಬರೋಷ್ಟರಲ್ಲಿ ಬ್ರೇಕ್ ಹಾಕೋದು ಕಲ್ತಿರ್ತೀಯ" ಎಂದು ನೀವು ನಕ್ಕಿದ್ದು ಅಲ್ಲೇ.

ಬೆಂಚಿಗೆ ನಿಮ್ಮ ಹೆಸರನ್ನೇ ಇಡಿ ಎಂದು ಬರೆಸಿಬಂದೆ. ನಿಮ್ಮಿಂದಲೇ ನನಗೆ ಕೆಲಸ ಸಿಕ್ಕಿತು, ಮಗಳನ್ನು ನಾನೇ ಸ್ಕೂಲಿಗೆ ಬಿಟ್ಟೆ. ಮೊನ್ನೆ ಮೊನ್ನೆಯವರೆಗೂ ತಿಂಗಳಿಗೊಮ್ಮೆ ಹ್ಯೂಸ್ಟನ್‌ಗೆ ಒಬ್ಬಳೇ ಡ್ರೈವ್ ಮಾಡಿಕೊಂಡು ಹೋಗಿಬರುತ್ತಿದ್ದೆ.

ನೀವು ಕೊನೆಯ ಆರು ತಿಂಗಳು ಹಾಸಿಗೆ ಹಿಡಿದು ಮಲಗಿದ್ದ, ನಾನು ಒಮ್ಮೆಯೂ ಬಾರದ ಲಿಯಾಂಡರ್ ಊರು ಅದಕ್ಕಿಂತ ಹತ್ತಿರ.