ಎರಡು ಸಾಲು ಮನೆಗಳ ನಡುವಿನ ಬಯಲು

ಅತ್ತೆ,

ಬಯಲಿನ ಗಿಡಗಳಿಗೆ ನೀರು ಹಾಕಿ ಈಗಷ್ಟೇ ಬಂದು ಕುಳಿತೆ. ಇವತ್ತು ಬೇರೆಯವರ ಸರದಿ. ಅವರು ಬರಲಿಲ್ಲ. ಕೇಳಲು ಹೋದರೆ ಜಗಳ, ಸುಮ್ಮನಿದ್ದರೆ ಗಿಡ ಒಣಗುತ್ತದೆ. ನಿಮಗೆ ಬೇಸರವೇ ಆಗುತ್ತಿರಲಿಲ್ಲವೇ?

ನೀವು ನಮ್ಮ ಬಚ್ಚಲ ತಟ್ಟಿ ಕಿತ್ತ ಬೆಳಿಗ್ಗೆ ನೆನಪಾಗುತ್ತದೆ. ಚನ್ನಗಿರಿಯ ಈ ಜನತಾ ಕಾಲೋನಿಗೆ ಬಂದಾಗ ಎರಡು ಸಾಲು ಮನೆಗಳ ನಡುವೆ ಒಳ್ಳೆಯ ಬಯಲಿತ್ತು. ಆಮೇಲೆ ಎಲ್ಲರೂ ಒಂದಿಷ್ಟು ಒತ್ತಿಕೊಂಡೆವು. ಯಾರದೋ ಸೌದೆ, ಯಾರದೋ ತಿಪ್ಪೆ, ನಮ್ಮದು ಬಚ್ಚಲು. ನೀರು ಹರಿಯಲು ದಾರಿಯಿಲ್ಲದೆ ಕೊಚ್ಚೆ ನಿಂತಿತು. ಆ ಮಳೆಗಾಲ ಮಕ್ಕಳೆಲ್ಲ ವಾಂತಿಭೇದಿಯಿಂದ ಮಲಗಿದವು. ಎದುರುಮನೆಯ ಗಾರೆ ಕೆಲಸದ ಖಾದರ್ ಸಾಬರ ಮಗು ಉಳಿಯಲಿಲ್ಲ. ಅದನ್ನು ಮಣ್ಣು ಮಾಡಿದ ಮರುದಿನವೇ ನೀವು ಗುದ್ದಲಿ ಹಿಡಿದಿರಿ. "ಮೊದಲು ನಮ್ಮದು ತೆಗೀಬೇಕು. ಆಮ್ಯಾಲೆ ಇನ್ನೊಬ್ರನ್ನ ಕೇಳಾಕೆ ಬಾಯಿ ಬರ್ತೈತೆ" ಎಂದಿರಿ. ಬಚ್ಚಲಿಲ್ಲದೆ ನಾನು ಪಟ್ಟ ಪಾಡು... ಇರಲಿ ಬಿಡಿ.

ಒಂದೊಂದೇ ಮನೆ ಒಪ್ಪಿತು, ಹಾಲೇಶಪ್ಪನವರು ಮಾತ್ರ ಒಪ್ಪಲಿಲ್ಲ. ಬಯಲಿನ ನಟ್ಟನಡುವೆ ಅವರ ಎಮ್ಮೆ ಕೊಟ್ಟಿಗೆ. ಹಾಲು ಮಾರಿಯೇ ಅವರ ಸಂಸಾರ ನಡೆಯಬೇಕು. "ಎಮ್ಮೆನ ತಲೆ ಮ್ಯಾಲೆ ಕಟ್ಕಳ್ಳೇನಮ್ಮಾ?" ಎಂದರು. ಆದರೂ ಮತ್ತೆ ಮತ್ತೆ ಹೋಗಿ ಅವರ ಜಗಲಿಯಲ್ಲಿ ಕುಳಿತು ಬರುತ್ತಿದ್ದಿರಿ. ಹಾಗೆ ಬಂದ ಒಂದು ಸಂಜೆ ಜ್ವರ ಎಂದು ಮಲಗಿದವರು ಏಳಲೇ ಇಲ್ಲ.

ನಿಮ್ಮ ಶಿವಗಣಾರಾಧನೆ ಮುಗಿದ ವಾರವೇ ಗಂಡಸರು ಹಾರೆ ಹಿಡಿದು ನಮ್ಮ ಬಾಗಿಲಿಗೆ ಬಂದರು. ಹಾಲೇಶಪ್ಪನವರು ಹೊನ್ನಾಳಿಗೆ ಹೋಗಿದ್ದರು, ಎಮ್ಮೆಗಳು ಮೇಯಲು ಹೋಗಿದ್ದವು. "ನಿಮ್ಮತ್ತೆ ಆಸೆ ಇವತ್ತು ತೀರಿಸ್ತೀವಿ" ಎಂದರು. ನಾನು ಉಣ್ಣುತ್ತಿದ್ದ ಕೈ ತೊಳೆದು ಹೋಗಿ ಕೊಟ್ಟಿಗೆಯ ಬಾಗಿಲಲ್ಲಿ ಕುಳಿತುಬಿಟ್ಟೆ.

"ಅವರಿಲ್ಲದಾಗ ಮುಟ್ಟಬ್ಯಾಡ್ರಿ. ಬಂದ ಮ್ಯಾಲೆ ಕೇಳಾಣ."

ಬಾಯಿಗೆ ಬಂದ ಹಾಗೆ ಅಂದರು, ಅತ್ತೆ. ನಾನು ಏಳಲಿಲ್ಲ. ಖಾದರ್ ಸಾಬರೂ ಹಾರೆ ಹಿಡಿದು ಬಂದಿದ್ದರು. ಅವರಷ್ಟು ಕಳೆದುಕೊಂಡವರು ಅಲ್ಲಿ ಇನ್ಯಾರಿದ್ದರು? ಕೊನೆಗೆ ಅವರೇ, "ಈಯಮ್ಮ ಹೇಳೋದು ಸರಿ ಐತೆ, ನಡೀರಿ" ಎಂದು ಎಲ್ಲರನ್ನೂ ಕರೆದುಕೊಂಡು ಹೋದರು.

ಆಮೇಲೆ ಎಷ್ಟೋ ದಿನ ನಲ್ಲಿಯ ಹತ್ತಿರ ನನ್ನನ್ನು ಯಾರೂ ಮಾತಾಡಿಸಲಿಲ್ಲ. ನಾನು ಕೊಟ್ಟಿಗೆ ಬಾಗಿಲಲ್ಲಿ ಕುಳಿತ ಸುದ್ದಿ ಹಾಲೇಶಪ್ಪನವರ ಕಿವಿಗೂ ಬಿದ್ದಿತ್ತು. ಒಂದು ದಿನ ತಾವಾಗಿಯೇ ಬಂದು, "ಹಿಂದಿನ ಮೂಲೆಯಾಗೆ ಕೊಟ್ಟಿಗೆಗೆ ಜಾಗ ಬಿಟ್ಟು, ಕಂಬ ಹೊರಾಕೆ ಜನ ಬಂದ್ರೆ ನಾ ಬ್ಯಾಡ ಅನ್ನಲ್ಲ" ಎಂದರು. ಬೈದವರೇ ಬಂದು ಕಂಬ ಹೊತ್ತರು. ಖಾದರ್ ಸಾಬರು ಕಲ್ಲಿನ ಚರಂಡಿ ಕಟ್ಟಿದರು. ನೆಟ್ಟ ಹೊಂಗೆ ಸಸಿಗಳಲ್ಲಿ ಅರ್ಧ ಆಡಿನ ಪಾಲಾದವು. ಆದರೆ ಈ ಮಳೆಗಾಲ ಬಯಲಿನಲ್ಲಿ ನೀರು ನಿಲ್ಲಲಿಲ್ಲ.

ಮೊನ್ನೆ ಹಿಂದಿನ ಬೀದಿಯ ಹೆಂಗಸರು ಬಂದಿದ್ದರು. ಅಲ್ಲೂ ಅದೇ ಕೊಚ್ಚೆ, ಅದೇ ಒತ್ತುವರಿ. ನಾನು ಬಂದು ಅಲ್ಲಿನ ಜನರಿಗೆ ಹೇಳಬೇಕಂತೆ. ಸಾಕಾಗಿದೆ, ನನ್ನ ಕೈಲಾಗುವುದಿಲ್ಲ ಎನ್ನಬೇಕೆಂದಿದ್ದೆ. ಅಷ್ಟರಲ್ಲಿ ಹಾಲು ಕೊಡಲು ಬಂದ ಹಾಲೇಶಪ್ಪನವರು ಅಂದರು:

"ಈಯಮ್ಮ ಬರ್ತಾರೆ, ನಾನೂ ಬರ್ತೀನಿ. ಯಾರು ಒಲ್ಲೆ ಅಂತಾರೋ ಅವರ ಮನಿಗೆ ನನ್ನ ಕಳಿಸ್ರಿ. ಅವರ ಕಷ್ಟ ನನಗೆ ಗೊತ್ತೈತೆ."

ನಾಳೆ ಇಬ್ಬರೂ ಹೋಗುತ್ತೇವೆ, ಅತ್ತೆ.

ನಿಮ್ಮ ಸೊಸೆ