ಸಜ್ಜ ಬಿದ್ದ ಕಾರಣ

ಶಿಕಾರಿಪುರ
೧೧-೩-೧೯೭೪

ಓವರ್ಸಿಯರ್ ಶಿವಮೂರ್ತಪ್ಪನವರಿಗೆ,

ಐದು ವರ್ಷ ಒಂದೇ ಬೆಂಚಿನಲ್ಲಿ ಕುಳಿತವನನ್ನು ಹೀಗೆ ಕರೆಯುವ ಕಾಲ ಬಂತು. ‘ಪ್ರಿಯ ಗೆಳೆಯ’ ಎಂದೇ ಬರೆದಿದ್ದೆ. ಎದುರಿಗೆ ನಿನ್ನ ವರದಿಯ ನಕಲು ಇತ್ತು, ಆ ಎರಡು ಪದ ಹೊಡೆದುಹಾಕಿದೆ.

ಸೊರಬದ ಹೊಸ ವಾಚನಾಲಯದ ಬಾಗಿಲ ಮೇಲಿನ ಸಜ್ಜ, ಸೆಂಟ್ರಿಂಗ್ ಹಲಗೆ ಬಿಚ್ಚಿದ ಕೂಡಲೇ ಮುರಿದು ಬಿತ್ತು. ಕೆಳಗೆ ನೀರು ಹೊರುತ್ತಿದ್ದ ಗುತ್ಯಮ್ಮನ ಭುಜದ ಮೂಳೆ ಮುರಿದಿದೆ. ನೀನು ಬರೆದ ಕಾರಣ ಒಂದೇ ಸಾಲು: ‘ಗೌಂಡಿ ನಜೀರ್ ಸಾಬನಿಗೆ ಕ್ಯಾಂಟಿಲಿವರ್ ಎಂದರೇನೆಂದು ತಿಳಿಯದು.’ ಗುರುವಾರದ ವಿಚಾರಣೆಯಲ್ಲಿ ನಮ್ಮಪ್ಪ ಅದರ ಕೆಳಗೆ ಹೆಬ್ಬೆಟ್ಟು ಒತ್ತಬೇಕು. ಒತ್ತಿದರೆ, ಮೂವತ್ತು ವರ್ಷ ಕರಣೆ ಹಿಡಿದ ಕೈಗೆ ಇನ್ನು ಯಾವ ಸರಕಾರಿ ಕಟ್ಟಡದಲ್ಲೂ ಕೆಲಸವಿಲ್ಲ.

ತಿಳಿಯದು, ನಿಜ. ನೀನು ತಿಳಿಸಿದೆಯಾ? ಅಪ್ಪ ಅದುವರೆಗೆ ಕೂರಿಸಿದ್ದೆಲ್ಲ ಕಲ್ಲುಚಪ್ಪಡಿಯ ಸಜ್ಜ, ಕಾಂಕ್ರೀಟಿನದು ಇದೇ ಮೊದಲು. ಅದು ನಿನಗೆ ಗೊತ್ತಿತ್ತು. ಆದರೂ ಮೋಟಾರ್‌ಸೈಕಲ್ಲಿನಿಂದ ಇಳಿಯದೆ ನಕ್ಷೆ ಕೊಟ್ಟು, “ಎಲ್ಲಾ ಇದ್ರಾಗೇ ಐತಿ ಸಾಬ್ರೇ, ನೋಡ್ಕೊಂಡು ಕಟ್ರಿ” ಎಂದೆ. “ಇಂಗ್ಲಿಷ್ನಾಗೆ ಐತಲ್ರೀ” ಎಂದು ಅಪ್ಪ ಅಂದರೆ, “ಗ್ವಾಡೆ ಏನು ಇಂಗ್ಲಿಷ್ ಮಾತಾಡ್ತೈತಾ?” ಎಂದು ನಕ್ಕೆ. ನಮ್ಮ ಮನೆಯಲ್ಲಿ ಸೇಮಿಗೆ ಪಾಯಸ ತಿನ್ನುವಾಗ ಅವರು ನಿನಗೆ ಚಾಚಾ ಆಗಿದ್ದರು. ನೌಕರಿ ಸಿಕ್ಕ ಮೇಲೆ ಸಾಬ್ರಾದರು. ಅಲ್ಲಿ ಆ ನಕ್ಷೆ ಓದಬಲ್ಲವರು ಯಾರಿದ್ದರು?

ಕಾಂಕ್ರೀಟು ಹಾಕುವ ಮುಂಚೆ ಕಬ್ಬಿಣದ ಸರಳು ಪರೀಕ್ಷಿಸಿದೆನೆಂದು ಕಾಮಗಾರಿ ಪುಸ್ತಕದಲ್ಲಿ ನಿನ್ನ ಸಹಿ ಇದೆ. ಆ ದಿನ ನೀನು ಆನವಟ್ಟಿಯಲ್ಲಿ ಮದುವೆ ಊಟದಲ್ಲಿದ್ದೆ.

ನಾನು ಶಿವಮೊಗ್ಗಕ್ಕೆ ಹೋಗಿ, ಪಾಲಿಟೆಕ್ನಿಕ್ ಹುಡುಗನೊಬ್ಬನ ಪುಸ್ತಕ ಬೇಡಿ ಎರಡು ದಿನ ಓದಿದೆ. ನಿನ್ನ ದೊಡ್ಡ ಪದದ ಅರ್ಥ ಕೇಳು. ಎರಡು ಗೋಡೆಗಳ ಮೇಲೆ ಕುಳಿತ ತಾರಸಿ ಭಾರಕ್ಕೆ ಹೊಟ್ಟೆಯ ಕಡೆ ಬಿರಿಯುತ್ತದೆ, ಅದಕ್ಕೇ ಸರಳು ತಳದಲ್ಲಿರಬೇಕು. ಸಜ್ಜಕ್ಕೆ ಒಂದೇ ಕಡೆ ಆಧಾರ, ಇನ್ನೊಂದು ತುದಿ ಗಾಳಿಯಲ್ಲಿ. ಅದು ಬೆನ್ನಿನ ಕಡೆ ಬಿರಿಯುತ್ತದೆ, ಅದಕ್ಕೆ ಸರಳು ಮೇಲಿರಬೇಕು. ಅಪ್ಪ ತಾರಸಿಯಂತೆ ತಳದಲ್ಲಿ ಹಾಕಿದರು. ಕ್ಯಾಂಟಿಲಿವರ್ ಎಂದರೆ ಇಷ್ಟೇ. ಕನ್ನಡದಲ್ಲಿ ಹೇಳಲು ನನಗೆ ಎರಡು ನಿಮಿಷವೂ ಬೇಕಾಗಲಿಲ್ಲ.

ಕೇಳಿದವರೇ ಅಪ್ಪ ಬಲಗೈ ಮುಂದಕ್ಕೆ ಚಾಚಿದರು. “ಹಿಂಗೆ ಬಕೆಟ್ ಹಿಡುದ್ರೆ ಎಳೆತ ಹೆಗಲ ಮ್ಯಾಗಲ್ವೇನೋ! ಇಷ್ಟು ಹೇಳಾಕೆ ಒಬ್ರಿಗೂ ಬಾಯಿರ್ಲಿಲ್ವಾ?” ಎಂದರು. ಚಾಚಿದ ಕೈಯನ್ನು ಬಹಳ ಹೊತ್ತು ಇಳಿಸಲಿಲ್ಲ.

ನೀನು ನನ್ನ ಕಾರ್ಮಿಕ ಸಂಘದ ಕರಪತ್ರಗಳನ್ನು ಕಂಡು ನಗುತ್ತಿದ್ದೆ. ಅವುಗಳಲ್ಲಿ ಓದಿ ನಂಬಿದ್ದು ಒಂದೇ: ತಿಳಿದದ್ದನ್ನು ದುಡಿಯುವವನಿಂದ ಮುಚ್ಚಿಡುವುದು ಕಳ್ಳತನ. ಮುಚ್ಚಿಟ್ಟು, ಕೊನೆಗೆ ಅವನ ಅಜ್ಞಾನವನ್ನೇ ಅಪರಾಧ ಮಾಡುವುದಕ್ಕೆ ಏನೆನ್ನಬೇಕೋ ನಿನ್ನ ಇಂಗ್ಲಿಷಿನಲ್ಲಿ ಹುಡುಕು.

ಗುರುವಾರ ಎಲ್ಲರೆದುರು ಎದ್ದು ನಿಂತು, ‘ನಾನು ಸರಳು ನೋಡಲಿಲ್ಲ, ಸುಳ್ಳು ಸಹಿ ಹಾಕಿದೆ’ ಎನ್ನು. ಅಪ್ಪನ ಹೆಬ್ಬೆಟ್ಟು ನಿನ್ನ ಕಾಗದಕ್ಕೆ ಬೀಳಲು ನಾನು ಬಿಡುವುದಿಲ್ಲ.

ಇನ್ನೂ ನಿನ್ನ ಹಳೆಯ ಬೆಂಚಿನವನೇ ಆದ
ಮುನೀರ್ ಅಹ್ಮದ್

ತಾ.ಕ.: ಲಕೋಟೆಗೆ ಗೋಂದು ಹಚ್ಚಿದವನು ಮತ್ತೆ ಬಿಚ್ಚಿದ್ದೇನೆ. ನಕ್ಷೆ ಓದಬಲ್ಲವರು ಯಾರಿದ್ದರು ಎಂದು ಕೇಳಿದೆನಲ್ಲ, ನಾನಿದ್ದೆ. ಕಾಂಕ್ರೀಟಿನ ಹಿಂದಿನ ದಿನ ಬುತ್ತಿ ತೆಗೆದುಕೊಂಡು ಸೊರಬಕ್ಕೆ ಹೋಗಿದ್ದೆ. ಅಪ್ಪ ನಕ್ಷೆಯಲ್ಲಿದ್ದ ಆ ‘ಕ್ಯಾಂಟಿಲಿವರ್’ ಪದದ ಮೇಲೆ ಬೆರಳಿಟ್ಟು ಏನೆಂದು ಕೇಳಿದರು. ಗುತ್ಯಮ್ಮನೂ ಸೇರಿ ಆರು ಜನ ನನ್ನ ಬಾಯಿ ನೋಡುತ್ತಿದ್ದರು. ಗೊತ್ತಿಲ್ಲ ಎನ್ನಲು ನಾಲಿಗೆ ಏಳಲಿಲ್ಲ. “ಸಜ್ಜಕ್ಕೆ ಇಂಗ್ಲಿಷ್ ಹೆಸ್ರು ಅಷ್ಟೇ ಅಪ್ಪಾ, ತಾರಸಿಗೆ ಹಾಕಿದಂಗೇ ಹಾಕು” ಎಂದೆ. ಗುರುವಾರ ನಿನ್ನ ನಂತರ ಇದನ್ನೂ ಹೇಳುತ್ತೇನೆ. ನೀನು ಏಳದಿದ್ದರೆ ಮೊದಲೇ ಹೇಳುತ್ತೇನೆ. ಅಪ್ಪ ಮಾತ್ರ ಬೇಡವೆನ್ನುತ್ತಿದ್ದಾರೆ: “ನೀ ಸುಮ್ನಿರು. ನನ್ನ ಮಗನಿಗೆ ಇಂಗ್ಲಿಷ್ ಬರ್ತೈತಿ ಅಂತ ಊರೆಲ್ಲಾ ಹೇಳೀನಿ.”