ಮೊಳೆತೂತಿನ ಬಣ್ಣ

೩ ಫೆಬ್ರವರಿ ೧೯೮೬, ಸೋಮವಾರ

ಪುಟ್ಟಿಗೆ ಸೀಮೆಸುಣ್ಣದ ಪುಡಿ ಎರಡು ಸಲ ಜರಡಿ ಹಿಡಿದೆ. ಅಗಸೆ ಎಣ್ಣೆ ಕಾಯಿಸಿ ಆರಲು ಇಟ್ಟೆ. ಇವರು ಎಂಟಕ್ಕೆ ಹೊರಟರು — ಬ್ರಷ್, ಪುಟ್ಟಿ ಡಬ್ಬಿ, ಪಾಲಿಶ್ ಪೇಪರ್, ರೊಟ್ಟಿ ಗಂಟು. ದೌಲತರಾಯರ ಹೊಸ ಮನೆಯ ಕೆಲಸ. ಆಳಂದದಲ್ಲಿ ಈ ವರ್ಷ ಎದ್ದ ಮನೆಗಳಲ್ಲಿ ಅದೇ ದೊಡ್ಡದು. ಹನ್ನೊಂದು ಬಾಗಿಲು, ಹದಿನಾರು ಕಿಟಕಿ, ಎಲ್ಲ ಸಾಗವಾನಿ. ಚೌಕಟ್ಟಿನ ಸುತ್ತ ಸಣ್ಣ ಪಟ್ಟಿ ಹೊಡೆದಿದ್ದಾರೆ. ಒಂದು ಬಾಗಿಲಿಗೆ ನಲವತ್ತು ಮೊಳೆ. ಮೊಳೆ ಒಳಗೆ ಕೂತ ಮೇಲೆ ಉಳಿಯುವ ತೂತಿಗೆ ಪುಟ್ಟಿ ತುಂಬಬೇಕು, ಕಟ್ಟಿಗೆಯ ಬಣ್ಣಕ್ಕೇ ಸರಿಯಾಗಿ ಬಣ್ಣ ಕೂಡಿಸಿ. ಆಮೇಲೆ ಪಾಲಿಶ್. ಇವರು, ಖಾದರಸಾಬ ಮಿಸ್ತ್ರಿ, ತುಂಬಿದ ತೂತು ಹುಡುಕಿದರೂ ಸಿಗುವುದಿಲ್ಲ ಅನ್ನುತ್ತಾರೆ ಊರಲ್ಲಿ. ಅನ್ನುತ್ತಿದ್ದರು.

ಅಫಜಲಪುರದಿಂದ ಮಗಳ ಕಾಗದ ಬಂದಿದೆ. ಉತ್ತರ ಬರೆಯಬೇಕು.

೫ ಫೆಬ್ರವರಿ, ಬುಧವಾರ

ಮಧ್ಯಾಹ್ನ ಬಡಿಗ ಧರ್ಮಣ್ಣ ಬಂದಿದ್ದ. ಕೂಡಲಿಲ್ಲ. ಬಾಗಿಲ ಹೊರಗೇ ನಿಂತ.

"ಭಾಬಿ, ಒಂದ್ ಮಾತ್ ಅದರಿ. ಸಿಟ್ಟಾಗಬ್ಯಾಡ್ರಿ."

"ಹೇಳ್ರಿ."

"ತೂತು ಎದ್ದು ಕಾಣಾಕತ್ತಾವ್ರಿ. ಕಟ್ಟಿಗಿ ಮ್ಯಾಲ ಅಕ್ಕಿಕಾಳು ಅಂಟಿಸಿದಂಗ. ದೌಲತರಾಯರು ಇನ್ನಾ ನೋಡಿಲ್ಲ. ನಾ ಮಿಸ್ತ್ರಿಗೆ ಹೆಂಗ ಹೇಳ್ಲಿ? ಇಪ್ಪತ್ತ್ ವರ್ಷ ಆತು, ನಾ ಮೊಳಿ ಹೊಡೀತೇನಿ, ಅವ್ರು ಮುಚ್ಚತಾರ."

ಚಹಾ ಕೊಟ್ಟೆ. ಕುಡಿದು ಹೋದ.

ಹೊಸ ಸುದ್ದಿಯಲ್ಲ. ಹೋದ ರಮಜಾನ್‌ನಲ್ಲಿ ಎಲ್ಲರೂ ಚಂದ್ರ ಕಂಡಿತು ಅಂದಾಗ ಇವರೂ ಕಂಡಿತು ಅಂದರು. ನೋಡುತ್ತಿದ್ದದ್ದು ಬೇರೆ ಕಡೆ. ಆಗಲೇ ಗೊತ್ತಾಯಿತು. ಹೇಳಲಿಲ್ಲ. ಇವರೂ ಹೇಳಲಿಲ್ಲ.

ಮನೆಯಲ್ಲಿ ನಮ್ಮ ಮಾತು ಉರ್ದು, ಇಲ್ಲಿ ಕನ್ನಡ ಮಾಡಿ ಬರೆಯುತ್ತೇನೆ. ನಾನು ಓದಿದ್ದು ಸರಸಂಬಾದ ಕನ್ನಡ ಶಾಲೆ, ಏಳನೆಯವರೆಗೆ. ಇವರಿಗೆ ಕನ್ನಡ ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ. ಅದಕ್ಕೇ ಇದೆಲ್ಲ ಇಲ್ಲಿ ಬರೆಯಬಹುದು.

೬ ಫೆಬ್ರವರಿ, ಗುರುವಾರ

ಬುತ್ತಿ ಕೊಡುವ ನೆಪದಲ್ಲಿ ಹೋದೆ. ದೇವರ ಮನೆಯ ಬಾಗಿಲು ಮುಗಿದಿತ್ತು. ಮಲಗುವ ಖೋಲಿಯದೂ. ಧರ್ಮಣ್ಣ ಕಡಿಮೆಯೇ ಹೇಳಿದ್ದ. ಪಟ್ಟಿಯುದ್ದಕ್ಕೂ ಬಿಳಿ ಚುಕ್ಕಿ... ಗೇಣಿಗೊಂದು.

ಇವರು ನನ್ನ ಕೈ ಹಿಡಿದು ಪಟ್ಟಿಯ ಮೇಲೆ ಇಟ್ಟರು. "ಕೈ ಆಡಿಸಿ ನೋಡು. ಎಲ್ಲಿ ಅದ ಮೊಳಿ? ಹುಡಕು."

ಆಡಿಸಿದೆ. ನಿಜವಾಗಿ ಎಲ್ಲೂ ಸಿಗಲಿಲ್ಲ. ಕನ್ನಡಿಯ ಹಾಗೆ ನುಣುಪು. ಬೆರಳಿಗೆ ಒಂದು ತಪ್ಪೂ ಇಲ್ಲ.

"ಸಿಗಲಿಲ್ಲ" ಅಂದೆ. ನಕ್ಕರು.

೧೦ ಫೆಬ್ರವರಿ, ಸೋಮವಾರ

ಧರ್ಮಣ್ಣನಿಂದ ಸಾಗವಾನಿಯ ಮೂರು ತುಂಡು ತರಿಸಿಕೊಂಡೆ. ಕೆಮ್ಮಣ್ಣು, ಹಳದಿ ಮಣ್ಣು, ಚೂರು ಕಾಡಿಗೆ. ತಿಳಿ ಬಣ್ಣದ್ದೊಂದು, ನಡುವಿನದೊಂದು, ಕಪ್ಪು ಗೆರೆಯದೊಂದು — ಮೂರು ಪುಟ್ಟಿ ಕಲಸಿದೆ. ಹಸಿ ಇದ್ದಾಗ ಸರಿ ಕಾಣುತ್ತದೆ. ಒಣಗಿದರೆ ಬೇರೆ. ಈ ನಾಲ್ಕು ದಿನದಲ್ಲಿ ಐದು ಸಲ ಚೆಲ್ಲಿದೆ.

ಇವರಿಗೆ ಹೇಳಿದ್ದು — ಅಲ್ಲಿ ಕಲಸುತ್ತ ಕೂತರೆ ಹೊತ್ತು ಹೋಗುತ್ತದೆ, ಮನೆಯಲ್ಲೇ ಮಾಡಿ ತರುತ್ತೇನೆ. ಮೂಲೆಯ ತೂತಿಗೆ ನಿಮ್ಮ ಬೆರಳು ದಪ್ಪ, ನಾನು ತುಂಬುತ್ತೇನೆ.

"ಆತು ಬಾ" ಅಂದರು.

ದೌಲತರಾಯರ ಮನೆಯಲ್ಲಿ ಬುರ್ಖಾ ಕಳಚಿ ಗೂಟಕ್ಕೆ ಹಾಕಿ ಕೆಲಸಕ್ಕೆ ಕೂತೆ. ಮೂಲೆಯದು ಮುಗಿಯಿತು. ಮೂಲೆ ಅಲ್ಲದ್ದೂ ತುಂಬಿದೆ. ಇವರು ಅತ್ತ ಕಿಟಕಿ ತಿಕ್ಕುತ್ತಿದ್ದರು.

೧೪ ಫೆಬ್ರವರಿ, ಶುಕ್ರವಾರ

ಇವರು ನಮಾಜಿಗೆ ಹೋದಾಗ ಪಡಸಾಲೆಯ ಬಾಗಿಲು ಒಬ್ಬಳೇ ಮಾಡಿದೆ. ಒಂದು ಗೊತ್ತಾಯಿತು. ಪಾಲಿಶ್ ಬಿದ್ದ ಮೇಲೆ ಕಟ್ಟಿಗೆ ಕಪ್ಪಾಗುತ್ತದೆ. ಒಣ ಕಟ್ಟಿಗೆ ನೋಡಿ ಬಣ್ಣ ಕೂಡಿಸಿದರೆ ಕೊನೆಗೆ ತಪ್ಪುತ್ತದೆ. ಅದಕ್ಕೆ ಇವರು ನಿನ್ನೆ ಹಚ್ಚಿದ ಮೊದಲ ಕೈ ಪಾಲಿಶ್ ಒಣಗುವವರೆಗೆ ಕಾದೆ. ಆಮೇಲೆ ತುಂಬಿದೆ. ಒಂದೊಂದು ತೂತಿಗೂ ಪಕ್ಕದ ಗೆರೆ ನೋಡಿ, ಎರಡು ಡಬ್ಬಿಯಿಂದ ಚೂರು ಚೂರು ತೆಗೆದು ಹೆಬ್ಬೆರಳಲ್ಲಿ ಕೂಡಿಸಿ. ನಲವತ್ತೆರಡು ತೂತು. ಮುಗಿಸಿ ಹಿಂದೆ ಸರಿದು ನೋಡಿದರೆ ನನಗೇ ಸಿಗಲಿಲ್ಲ.

ಖುಷಿಯಾಯಿತು. ಬರೆದಿಡುತ್ತೇನೆ, ಯಾರಿಗೂ ಹೇಳುವ ಹಾಗಿಲ್ಲ.

ಹಿಂದೆ ದೌಲತರಾಯರ ಹೆಂಡತಿ ಕಸ್ತೂರಿಬಾಯಿ ನಿಂತಿದ್ದರು. ಎಷ್ಟು ಹೊತ್ತಿನಿಂದಲೋ.

"ಇದೆಲ್ಲಾ ನೀವೇ ಮಾಡ್ತೀರೇನ್ರಿ?"

"ಇಲ್ರಿ ಬಾಯಾರ. ಮಿಸ್ತ್ರಿ ಹೇಳಿದಂಗ ಮಾಡೂದ್ರಿ."

ಅವರು ಬಾಗಿಲು ನೋಡಿದರು. ನನ್ನನ್ನು ನೋಡಿದರು. ಒಳಗೆ ಹೋದರು.

೧೯ ಫೆಬ್ರವರಿ, ಬುಧವಾರ, ಸಂಜೆ

ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಇಂದು ಕಿಟಕಿಗಳಿಗೆ ಕಟ್ಟಿದ್ದ ಗೋಣಿತಟ್ಟು ಬಿಚ್ಚಿದರು. ಮನೆಯೊಳಗೆ ಮೊದಲ ಸಲ ಪೂರಾ ಬಿಸಿಲು ಬಂತು. ಕಸ್ತೂರಿಬಾಯಿ, ಅವರ ತಂಗಿ, ಧರ್ಮಣ್ಣ, ನಾವಿಬ್ಬರು. ಕಸ್ತೂರಿಬಾಯಿಯ ಮನಸ್ಸಿನಲ್ಲಿ ಕೆಟ್ಟದ್ದಿರಲಿಲ್ಲ. ನಗುತ್ತಲೇ ಹೇಳಿದರು —

"ಮಿಸ್ತ್ರಿ, ಪಡಸಾಲಿ ಬಾಗಲಾ ನಿಮ್ಮ ಮನಿಯವ್ರು ಮಾಡಿದ್ದು ಭಾಳ ಚಂದ ಆಗ್ಯಾದ್ರಿ. ದೇವರ ಮನಿದು, ಖೋಲಿದು ನೀವು ಮಾಡಿದ್ದು... ಅವೂ ಅವರ ಕೈಲೇ ಮಾಡಿಸಿಬಿಡ್ರಿ."

ಇವರು ದೇವರ ಮನೆಯ ಬಾಗಿಲಿಗೆ ಹೋದರು. ಪಟ್ಟಿಯ ಮೇಲೆ ಹೆಬ್ಬೆರಳು ಎಳೆದರು, ಮೇಲಿಂದ ಕೆಳಗೆ. "ಎಲ್ಲಿ ಕಾಣತಾದ್ರಿ?"

ಕಸ್ತೂರಿಬಾಯಿ ಚೇಷ್ಟೆ ಅಂದುಕೊಂಡರು. "ಇಲ್ಲೇ ಅದಲ್ರಿ, ನಿಮ್ಮ ಮೂಗಿನ ಮುಂದ. ಬಿಳೇದು."

ಇವರು ಮುಖ ಹತ್ತಿರ ಒಯ್ದರು. ಇನ್ನೂ ಹತ್ತಿರ. ಹಣೆ ಕಟ್ಟಿಗೆಗೆ ತಾಗಿತು. ಕಸ್ತೂರಿಬಾಯಿಗೆ ಆಗ ತಿಳಿಯಿತು, ಸೆರಗು ಬಾಯಿಗೆ ಹಿಡಿದರು.

ಇವರು ಬ್ರಷ್ ಒರೆಸಿ ಚೀಲಕ್ಕೆ ಹಾಕಿಕೊಂಡರು. ಒರೆಸುವುದು ಬಹಳ ಹೊತ್ತು ನಡೆಯಿತು. ಹೊರಗೆ ಹೋದರು.

ನಾನು ಹಿಂದೆ ಹೋಗಲಿಲ್ಲ. ಒಂಬತ್ತು ತೂತು ಬಾಕಿ ಇತ್ತು. ಕಲಸಿದ ಪುಟ್ಟಿ ಗಟ್ಟಿಯಾಗುತ್ತದೆ. ತುಂಬಿಯೇ ಬಂದೆ.

೨೦ ಫೆಬ್ರವರಿ

ಮಾತಿಲ್ಲ.

೨೧ ಫೆಬ್ರವರಿ

ಮಾತಿಲ್ಲ. ಎರಡು ರೊಟ್ಟಿ ತಿಂದರು. ಕೆಲಸಕ್ಕೆ ನಾನೊಬ್ಬಳೇ ಹೋದೆ. ಪಾಲಿಶ್ ಹಚ್ಚಲು ಧರ್ಮಣ್ಣ ಕೈ ಜೋಡಿಸಿದ. ಖೋಲಿಯ ಬಾಗಿಲಿನ ಬಿಳಿ ಪುಟ್ಟಿಯನ್ನು ದಬ್ಬಣದಿಂದ ಕೆದಕಿ ತೆಗೆದೆ. ಬಹಳ ಗಟ್ಟಿ. ಇವರು ತುಂಬಿದ್ದು ಅಷ್ಟು ಸುಲಭಕ್ಕೆ ಬಿಡುವುದಿಲ್ಲ.

೨೭ ಫೆಬ್ರವರಿ, ಗುರುವಾರ

ದೌಲತರಾಯರ ಕೆಲಸ ಮುಗಿಯಿತು. ಮನೆಗೆ ಬಂದು ಕೈ ತೊಳೆಯುವಾಗ ಇವರು ಹಿಂದಿನಿಂದ ಕೇಳಿದರು.

"ಯಾರ್ಯಾರಿಗೆ ಗೊತ್ತಿತ್ತು?"

"ಧರ್ಮಣ್ಣಗ."

"ಮತ್ತ?"

"ಕಿರಾಣಿ ಅಂಗಡಿ ಶರಫುದ್ದೀನಗ. ಮಸೀದಿ ಜಮಾತಿನವರಿಗೆ. ಕೆಲಸ ಮಾಡಿಸಿಕೊಂಡವರು ಎಲ್ಲಾರಿಗೂ ಗೊತ್ತಿರಬೇಕು."

"ನಿನಗ?"

"ರಮಜಾನದಿಂದ."

"ಒಂಬತ್ತು ತಿಂಗಳಾತು. ಕುರುಡ ಆಗೂದು ಅಲ್ಲಾಹನ ಮರ್ಜಿ. ಬಾಯಿ ಮುಚಗೊಂಡು ಕೂಡೂದು ಯಾರ ಮರ್ಜಿ ಬೇ?"

ತೊಳೆದ ಕೈ ಮತ್ತೆ ತೊಳೆದೆ. ಇವರಿಗೆ ನೋವಾಗಬಾರದು ಅಂತ ಸುಮ್ಮನಿದ್ದೆ ಅಂತ ಬರೆಯಬಹುದು. ಪೂರಾ ನಿಜವಲ್ಲ. ಹೇಳಿದ್ದರೆ ಪುಟ್ಟಿ ಡಬ್ಬಿ ನನ್ನ ಕೈಗೆ ಬರುತ್ತಿರಲಿಲ್ಲ. ಈ ಕೊನೆಯ ಹದಿನೈದು ದಿನದ ಮಟ್ಟಿಗೆ ಅದೂ ನಿಜ.

ರಾತ್ರಿ ಊಟಕ್ಕೆ ಕೂತಾಗ ನಾನೇ ಹೇಳಿದೆ — ಬರುವ ತಿಂಗಳು ಧರ್ಮಶಾಲೆಯಲ್ಲಿ ಕಣ್ಣಿನ ಕ್ಯಾಂಪ್ ಇದೆ. ಪೊರೆ ತೆಗೆಯುತ್ತಾರೆ.

ಬೇಡ ಅನ್ನಲಿಲ್ಲ.

೧೬ ಮಾರ್ಚ್, ರವಿವಾರ

ಧರ್ಮಶಾಲೆಯ ಕಟ್ಟೆ. ಮೂವತ್ತು ಮಂದಿ ಸಾಲಾಗಿ, ಎಲ್ಲರ ಹಣೆಗೆ ಪಟ್ಟಿ ಅಂಟಿಸಿ ಹೆಸರು ಬರೆದಿದ್ದಾರೆ. ಮೊದಲು ಬಲಗಣ್ಣು. ಇವರದು ಹದಿನಾಲ್ಕನೇ ಪಾಳಿ.

ಹತ್ತು ಜನ ಹೋಗಿ ಬಂದರು. ಇವರು ಕೈ ತಿಕ್ಕುತ್ತ ಕೂತಿದ್ದರು. ಆಮೇಲೆ ಮೆಲ್ಲಗೆ —

"ಬರಕೋ."

"ಏನ್ ಬರಕೊಳ್ಳಿ?"

"ಪಾಲಿಶಿನ ಅಳತಿ. ಅರಗು ಎಷ್ಟು, ಸ್ಪಿರಿಟ್ ಎಷ್ಟು, ಎಷ್ಟು ದಿನ ನೆನೀಬೇಕು. ಯಾರಿಗೂ ಹೇಳಿಲ್ಲ ನಾ. ಆ ನಿನ್ನ ಬುಕ್ಕಿನಾಗ ಬರಕೋ. ದಿನಾ ಬರೀತಿ ಅಲ್ಲ, ಅದರಾಗ."

ಬುಕ್ ಹಿಟ್ಟಿನ ಡಬ್ಬದ ಹಿಂದೆ ಇರುತ್ತದೆ. ಹತ್ತು ವರ್ಷದಿಂದ ಅಲ್ಲೇ. ಇವರಿಗೆ ಯಾವಾಗ ಗೊತ್ತಾಯಿತೋ. ಓದಿಸಿರಲಿಕ್ಕಿಲ್ಲ. ಯಾರ ಹತ್ತಿರ ಓದಿಸುತ್ತಾರೆ?

ಜೊತೆಗೆ ಬುಕ್ ಇರಲಿಲ್ಲ. ಕ್ಯಾಂಪಿನ ಚೀಟಿಯ ಹಿಂದೆ ಬರೆದುಕೊಂಡೆ. ಹೇಳಿ ಮುಗಿಸುವ ಮೊದಲೇ ಹೆಸರು ಕೂಗಿದರು. ಎದ್ದು ಹೋದರು, ಗೋಡೆ ಹಿಡಿದುಕೊಂಡು.

ಕಣ್ಣಿಗೆ ಹಸಿರು ಬಟ್ಟೆ ಕಟ್ಟಿಸಿಕೊಂಡು ಬಂದರು. ಆರು ವಾರ ಭಾರ ಎತ್ತಬಾರದು, ಬಗ್ಗಬಾರದು. ನಮಾಜಿನಲ್ಲಿ ನೆಲಕ್ಕೆ ಹಣೆ ಹಚ್ಚುವ ಸಜ್ದಾ ಕೂಡ ಬೇಡ ಅಂದರು ಡಾಕ್ಟರ್. ಅದೊಂದಕ್ಕೆ ಮಾತ್ರ ಬೇಜಾರು ಮಾಡಿಕೊಂಡರು.

೨೯ ಏಪ್ರಿಲ್, ಮಂಗಳವಾರ

ಚಸ್ಮಾ ಬಂತು. ಸೀಸೆಯ ತಳದಷ್ಟು ದಪ್ಪ ಗಾಜು. ಹಾಕಿಕೊಂಡು ಗೋಡೆ ನೋಡಿದರು.

"ಇದಕ್ಕ ನೀಲಿ ಯಾವಾಗ ಹೊಡಸಿದಿ?"

"ಸುಣ್ಣ ರೀ. ಬಿಳೇದು."

ಎಲ್ಲ ನೀಲಿಯಾಗಿ ಕಾಣುತ್ತದಂತೆ. ಸಣ್ಣದು ಕಾಣುತ್ತದೆ, ಅಂಚು ಕಾಣುತ್ತದೆ, ಇರುವೆ ಕಾಣುತ್ತದೆ. ಬಣ್ಣ ಮಾತ್ರ ನಂಬಲು ಬಾರದು. ಬರಬರುತ್ತ ಸರಿಹೋಗುತ್ತದೆ ಅಂದಿದ್ದಾರೆ ಡಾಕ್ಟರ್. ಎಷ್ಟು ದಿನ ಅಂತ ಹೇಳಲಿಲ್ಲ.

೧ ಮೇ, ಗುರುವಾರ

ಬೆಳಿಗ್ಗೆ ಏನೂ ಹೇಳದೆ ಹೊರಟರು. ಹಿಂದೆ ಹೋದೆ. ಶರಫುದ್ದೀನನ ಕಿರಾಣಿ ಅಂಗಡಿಯ ಮುಂದೆ ನಿಂತರು. ಆ ಬಾಗಿಲು ಹೋದ ದೀಪಾವಳಿ ಹೊತ್ತಿಗೆ ಮಾಡಿದ್ದು. ನೋಡಿದರು. ಒಂದೊಂದು ಚುಕ್ಕಿಗೂ ಬೆರಳಿಟ್ಟು ನೋಡಿದರು.

ಶರಫುದ್ದೀನ ಗಲ್ಲಾದ ಕಟ್ಟೆಯಿಂದ ಇಳಿದು ಬಂದ. "ಇರ್ಲಿ ಬಿಡ್ರಿ ಚಾಚಾ. ಅಂಗಡಿ ಬಾಗಲಾ ಯಾರ್ ನೋಡತಾರ?"

"ನಾ ನೋಡಾಕತ್ತೇನಲ್ಲ."

ಮಸೀದಿಯ ಕಪಾಟು. ಶಾಲೆಯ ಎರಡು ಬಾಗಿಲು. ಬಸ್‌ಸ್ಟ್ಯಾಂಡ್ ಹತ್ತಿರದ ದವಾಖಾನೆ. ಹನ್ನೆರಡರ ಬಿಸಿಲವರೆಗೆ ತಿರುಗಿದರು. ಎಲ್ಲ ಕಡೆ ಅದೇ ಬಿಳಿ ಚುಕ್ಕಿ. ಎಲ್ಲರೂ ಅದೇ ಮಾತು — ಇರಲಿ ಬಿಡ್ರಿ.

ಮನೆಗೆ ಬಂದು ಉಣ್ಣಲಿಲ್ಲ. ಗೋಡೆಗೆ ಮುಖ ಮಾಡಿ ಮಲಗಿದರು. ಭುಜ ಅಲ್ಲಾಡುತ್ತಿತ್ತು. ನಾನು ಅಡುಗೆ ಮನೆಯಲ್ಲಿ ಇದ್ದೆ, ಮಾಡಲು ಕೆಲಸ ಇರಲಿಲ್ಲ.

೩ ಮೇ, ಶನಿವಾರ

ಇಂದು ದೌಲತರಾಯರ ಮನೆಗೆ. ಇದೂ ಇವರೇ ಹೊರಟದ್ದು. ಕಸ್ತೂರಿಬಾಯಿ ಸ್ಟೂಲ್ ತಂದು ಹಾಕಿದರು, ಬಹಳ ಮಾತಾಡಲಿಲ್ಲ. ಇವರು ಹನ್ನೊಂದು ಬಾಗಿಲನ್ನೂ ನೋಡಿದರು. ಬೆರಳು ಹಚ್ಚಲಿಲ್ಲ. ಬರೀ ಕಣ್ಣು.

ಒಂದು ತಾಸಿನ ಮೇಲೆ ಕರೆದರು.

"ಏಳು ಸಿಕ್ಕಾವ. ಇದು ತಗ್ಗು ಬಿದ್ದದ. ಇದು ಎಣ್ಣಿ ಹೆಚ್ಚಾಗಿ ಸೀಳ್ಯಾದ. ಈ ಮೂರು ಬಿರಸಾಗಿ ತಿಕ್ಕಿದಿ, ಸುತ್ತಲಿನ ಕಟ್ಟಿಗಿ ಸವದದ. ಮ್ಯಾಲಿನ ಎರಡು ಪೂರಾ ತುಂಬೇ ಇಲ್ಲ, ಏಣಿ ಹತ್ತಾಕ ಹೆದರಿದೇನು?"

"ಹೌದು."

"ಉಳಿದಾವು ಸಿಗಲಿಲ್ಲ."

ಇಷ್ಟೇ ಅಂದದ್ದು. ದಾರಿಯಲ್ಲಿ ಮತ್ತೆ ಕೇಳಿದರು — ತುಂಬಿದ್ದು ಮೊದಲ ಕೈ ಪಾಲಿಶ್ ಆದ ಮೇಲೇನು? ಹೌದು ಅಂದೆ.

"ಮೂವತ್ತ್ ವರ್ಷ ನಾ ಉಲ್ಟಾ ಮಾಡೀನಿ ಹಂಗಾದ್ರ."

"ನಿಮಗ ಒಣ ಕಟ್ಟಿಗಿ ನೋಡಿದ್ರೇ ತಿಳೀತಿತ್ತು. ನನಗ ತಿಳೀಲಿಲ್ಲ. ಅದಕ್ಕ ಕಾದೆ."

ಮನೆ ಬರುವವರೆಗೆ ಮಾತಿಲ್ಲ. ಆದರೆ ಫೆಬ್ರವರಿಯ ಹಾಗಲ್ಲ.

ನಾಳೆಯಿಂದ ಶರಫುದ್ದೀನನ ಬಾಗಿಲು ಬಿಚ್ಚಿ ಮತ್ತೆ ಮಾಡುತ್ತಾರಂತೆ. ಆಮೇಲೆ ಕಪಾಟು, ಶಾಲೆ. ಯಾರೂ ಕೇಳಿಲ್ಲ. ಪುಟ್ಟಿ ನಾನು ಕಲಸಿ ಕೊಡಬೇಕು.

೧೭ ಜೂನ್, ಮಂಗಳವಾರ, ಕರಜಗಿ

ನಿನ್ನೆ ಬಸ್ಸಿನಲ್ಲಿ ಬಂದೆವು. ಕಬ್ಬಿನ ಗದ್ದೆಯ ನಡುವೆ ಕಲ್ಯಾಣಪ್ಪ ಅನ್ನುವವರ ಮನೆ. ಹೆಸರು ಹೇಳಿ ಕಳಿಸಿದ್ದು ಕಸ್ತೂರಿಬಾಯಿ. ಆರು ಬಾಗಿಲು. ಬೆಳಿಗ್ಗೆ ಸ್ವಲ್ಪ ಮಳೆ, ಕಟ್ಟಿಗೆ ತಂಪು ಹಿಡಿದಿದೆ.

ಸಾಗವಾನಿ ಅಲ್ಲ. ಯಾವುದೋ ಕಾಡಿನ ಮರ, ಹೊಲದಲ್ಲೇ ಕಡಿಸಿದ್ದಂತೆ. ಇಂಥದ್ದು ಇಬ್ಬರೂ ಕಂಡಿಲ್ಲ. ಇವರು ಮೊದಲ ಕೈ ಪಾಲಿಶ್ ಹಚ್ಚಿ ಒಣಗಲು ಬಿಟ್ಟರು. ಬಿಸಿಲಿಗೆ ಹಿಡಿದು ನೋಡಿದರು, ನೆರಳಿಗೆ ಹಿಡಿದು ನೋಡಿದರು. ಚಸ್ಮಾ ತೆಗೆದರು, ಹಾಕಿದರು. ಕಲ್ಯಾಣಪ್ಪ ಎದುರಿಗೇ ಇದ್ದರು, ಅವರ ಆಳುಗಳು ನಾಲ್ಕು ಜನ ಇದ್ದರು.

"ಅಖ್ತರ, ಬಾ ಇಲ್ಲಿ" ಅಂತ ಇವರು ನನ್ನನ್ನು ಕರೆದರು. "ನನಗ ಇದು ನೀಲಿ ಕಾಣತಾದ. ನೀ ನೋಡು. ಏನ್ ಬಣ್ಣ ಇದು?"

ಕಲ್ಯಾಣಪ್ಪ ಇವರನ್ನು ನೋಡಿ ನನ್ನನ್ನು ನೋಡಿದರು. "ಮಿಸ್ತ್ರಿ ಯಾರ್ರಿ ಇಬ್ಬರಾಗ?"

"ಪಾಲಿಶ್ ನಂದ್ರಿ. ಪುಟ್ಟಿ ಆಕಿದು. ಪುಟ್ಟೀದು ಕೇಳೂದಿದ್ರ ಆಕಿನ್ನೇ ಕೇಳ್ರಿ."

ಬಾಗಿಲ ಹತ್ತಿರ ಹೋದೆ. ಹಳದಿ ಅನ್ನಬಹುದು, ಆದರೆ ಅಂಚಿನಲ್ಲಿ ಹಸಿರು. ಪುಟ್ಟಿಗೆ ಹಸಿರು ನಾನು ಯಾವತ್ತೂ ಹಾಕಿಲ್ಲ. ಹಾಗೆಂದೆ. ಇವರು ಚೀಲದ ತಳದಿಂದ ಹಸಿರು ಪುಡಿಯ ಒಂದು ಪುಡಿಕೆ ಹುಡುಕಿ ತೆಗೆದು ಬಿಚ್ಚಿ ಹಿಡಿದರು. "ಹಾಕು ಹಂಗಾದ್ರ, ಎಷ್ಟು ಬೇಕು ನೀನೇ ಹಾಕು."

ಒಂದು ಚಿಟಿಕೆ ಹಾಕಿದೆ. ಕಲಸಿ ಒಂದೇ ತೂತಿಗೆ ತುಂಬಿದೆ. ಒಣಗಿದ ಮೇಲೆ ತಿಳಿಯುತ್ತದೆ. ಅಲ್ಲಿಯವರೆಗೆ ಬೇವಿನ ನೆರಳಲ್ಲಿ ಕೂತು ಬರೆಯುತ್ತಿದ್ದೇನೆ, ಇವರ ಎದುರಿಗೇ. ಈಗ ಎದ್ದು ಬಾಗಿಲ ಹತ್ತಿರ ಹೋಗಿ ನೋಡುತ್ತಿದ್ದಾರೆ... ಕೈ ಬೀಸಿ ಕರೆಯುತ್ತಿದ್ದಾರೆ. ತೂತು ಸಿಗಲಿಲ್ಲ ಅಂತಲೋ, ಇಲ್ಲ ಸಿಕ್ಕಿತು ಅಂತಲೋ —